ಆನೆ ಬಂತು, ಕಿಟಕಿ ಮುಚ್ಚಿ!

ಆ ಸಫಾರಿ ಬಸ್ಸಿನ ಡ್ರೈವರ್‌ಗೆ ತನ್ನ ಇಡೀ ಸರ್ವಿಸ್‌ನಲ್ಲಿ ನಮ್ಮಂಥ ಗಿರಾಕಿಗಳು ಸಿಕ್ಕಿರಲಿಲ್ಲವಂತೆ.

ಪಾಪ, ಕಾಡೆಲ್ಲ ಸುತ್ತಿಸಿದ್ದ. ಕಡೆಗೆ ಒಂದು ಕೆರೆಯ ಪಕ್ಕ ಆನೆ ಸಿಕ್ಕಿತ್ತು. ಬಸ್ಸು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, "ಆನೆ, ಆನೆ, ಎಡಗಡೆ ನೋಡಿ" ಅಂತ ಪಿಸುಗುಟ್ಟಿ, ಹೆಮ್ಮೆಯಿಂದ ಹಿಂದಕ್ಕೆ ತಿರುಗಿದರೆ ಬಸ್ಸಿನಲ್ಲಿ ತಲೆಗಳೇ ಇಲ್ಲ! ಕಿಟಕಿ ಗಾಜುಗಳೆಲ್ಲ ಮುಚ್ಚಿವೆ. ಸೀಟುಗಳ ಮಧ್ಯೆ ಬರೀ ಬೆನ್ನುಗಳು ಕಾಣುತ್ತಿವೆ.

"ಅಮ್ಮಾ, ಎಲ್ಲೋದ್ರಿ ಎಲ್ರೂ?" ಅಂದ.

ನಾವೆಲ್ಲಿಗೂ ಹೋಗಿರಲಿಲ್ಲ. ಹೆತ್ತೂರು ಕಡೆಯ ಹೆಂಗಸರು ಆನೆ ಬಂದಾಗ ಏನು ಮಾಡುತ್ತಾರೋ ಅದನ್ನೇ ಮಾಡಿದ್ದೆವು, ಅಷ್ಟೆ.

ಇರಿ, ಮೊದಲಿನಿಂದ ಹೇಳಿಬಿಡುತ್ತೇನೆ.

ಈ ಅಂಕಣವನ್ನು ತಪ್ಪದೆ ಓದುವವರಿಗೆ ನಮ್ಮೂರಿನ ಮಹಿಳಾ ಸಂಘದ ಪರಿಚಯ ಇದ್ದೇ ಇದೆ. (ಹಪ್ಪಳದ ಹಿಟ್ಟಿನ ಜಗಳದ ಬಗ್ಗೆ ಬರೆದ ಮೇಲೆ ಕೆಲವು ದಿನ ನನ್ನನ್ನು ಮೀಟಿಂಗಿಗೇ ಕರೆದಿರಲಿಲ್ಲ.) ಈ ಸಂಘ ವರ್ಷಕ್ಕೊಂದು ಟ್ರಿಪ್ ಹೋಗುತ್ತದೆ. ಟ್ರಿಪ್ ಅಂದರೆ ಧರ್ಮಸ್ಥಳ. ಬೇಜಾರಾದರೆ ಸುಬ್ರಹ್ಮಣ್ಯ. ಮರುವರ್ಷ ಮತ್ತೆ ಧರ್ಮಸ್ಥಳ. ದೇವರಿಗೇ ನಮ್ಮ ಮುಖ ನೋಡಿ ನೋಡಿ ಸಾಕಾಗಿರಬೇಕು. ಈ ಸಲ ಮೀಟಿಂಗಿನಲ್ಲಿ ಯಾರೋ ನಾಗರಹೊಳೆಗೆ ಹೋಗೋಣ ಅಂದರು. ಯಾರೋ ಏನು ಬಂತು, ನಾನೇ ಅಂದೆ.

ವಿಷಯ ಗೊತ್ತಾದಾಗ ನಮ್ಮನೆಯವರು ಪೇಪರ್ ಕೆಳಗಿಳಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ದುಡ್ಡು ಕೊಟ್ಟು ಆನೆ ನೋಡಕ್ಕೆ ಹೋಗ್ತೀರೇನೇ? ಹಿತ್ತಲ ಬಾಗ್ಲು ತೆಕ್ಕೊಂಡು ನಿಂತ್ಕೊ ಮಾರಾಯ್ತಿ, ಫ್ರೀಯಾಗಿ ಕಾಣ್ತದೆ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಸಕಲೇಶಪುರ, ಆಲೂರು ಸೀಮೆಯಲ್ಲಿ ಈಗ ಕಾಫಿಯಷ್ಟೇ ಗ್ಯಾರಂಟಿಯಾಗಿ ಸಿಗುವುದು ಆನೆ. ಬೆಳಗ್ಗೆ ಎದ್ದು ದೇವರ ಫೋಟೋ ನೋಡುವ ಮೊದಲು ನಾವು ನೋಡುವುದು ವಾಟ್ಸಾಪಿನ ಆನೆ ಗ್ರೂಪನ್ನು. ಗುಂಪು ಯಾವ ಎಸ್ಟೇಟಿನಲ್ಲಿದೆ, ಒಂಟಿ ಸಲಗ ಯಾವ ರಸ್ತೆ ದಾಟಿತು ಅಂತ ತಿಳಿದುಕೊಂಡೇ ಮಕ್ಕಳನ್ನು ಸ್ಕೂಲಿಗೆ ಕಳಿಸುವುದು, ಆಳುಗಳನ್ನು ತೋಟಕ್ಕೆ ಬಿಡುವುದು.

ಆದರೆ ಒಂದು ಮಾತು ಕೇಳುತ್ತೇನೆ. ನಾವು ಆನೆಯನ್ನು ನೋಡಿದ್ದೇವಾ?

ಮೊರದಗಲದ ಹೆಜ್ಜೆ ನೋಡಿದ್ದೇವೆ. ಲದ್ದಿ ನೋಡಿದ್ದೇವೆ. ಮಲಗಿದ ಬಾಳೆ, ಬಿದ್ದ ಬೇಲಿ, ಬುಡಸಮೇತ ಎದ್ದ ಕಾಫಿ ಗಿಡ, ಸೊಟ್ಟಗಾದ ಗೇಟು, ಎಲ್ಲವನ್ನೂ ನೋಡಿದ್ದೇವೆ. ಆನೆ ಬಂತೆಂದರೆ ಕಿಟಕಿ ಮುಚ್ಚು, ಲೈಟ್ ಆರಿಸು, ನಾಯಿಯನ್ನು ಒಳಗೆಳೆದುಕೋ, ಬಾಯಿ ಮುಚ್ಚಿಕೊಂಡು ಕೂರು. ಇದು ನಮ್ಮ ಮನೆಗಳ ಪದ್ಧತಿ. ನಡೆಯಲು ಕಲಿತ ಮಗುವಿಗೆ ಮೊದಲು ಕಲಿಸುವ ಪಾಠವೂ ಇದೇ. ಮುಚ್ಚಿದ ಕಿಟಕಿಯಲ್ಲಿ ಏನು ಕಾಣುತ್ತದೆ? ಎದುರಿಗೇ ಸಿಕ್ಕಿದವರು ಓಡುತ್ತಾ ನೋಡಿದ್ದಾರೆ. ಓಡುವಾಗ ಯಾರಾದರೂ ಸರಿಯಾಗಿ ನೋಡುತ್ತಾರಾ? ಓಡಲಾಗದವರು ಆ ಕಥೆ ಹೇಳಲು ಉಳಿದಿಲ್ಲ. ಅದನ್ನು ಮರೆತು ನಾನು ಇವತ್ತು ತಮಾಷೆ ಮಾಡುತ್ತಿಲ್ಲ, ದಯವಿಟ್ಟು ತಿಳಿಯಿರಿ.

ನಾಗರಹೊಳೆ ಅಂತ ನಾನು ಬಾಯಿ ತೆರೆದದ್ದಕ್ಕೆ ಒಂದು ಕಾರಣವಿತ್ತು. ಆ ಕಾರಣದ ಹೆಸರು ಸುಶೀಲ.

ಸುಶೀಲ ನನ್ನ ವಾರಗಿತ್ತಿ. ನಮ್ಮನೆಯವರ ತಮ್ಮ ಮಂಜುವಿನ ಹೆಂಡತಿ. ಪಾಲಾದ ಮೇಲೆ ಅವರ ತೋಟ ಆಚೆ, ನಮ್ಮದು ಈಚೆ, ನಡುವೆ ಒಂದು ಬೇಲಿ. ಆ ಬೇಲಿಯ ಮೇಲೆ ಹುಳಿ, ಪಲ್ಯ, ಊರ ಸುದ್ದಿ ಎಲ್ಲ ಓಡಾಡುತ್ತವೆ. ಅವರ ತೋಟದ ಯಜಮಾನ ಹೆಸರಿಗೆ ಮಂಜು. ಗಿಡ ಕಸಿ ಮಾಡುವುದು, ಮೆಣಸಿನ ಬಳ್ಳಿ ಕಟ್ಟುವುದು, ಆಳುಗಳನ್ನು ಹೊಂದಿಸುವುದು ಎಲ್ಲ ಸುಶೀಲಾದೇ. ಬೆಳಕು ಹರಿಯುವಾಗಲೇ ಗಂಬೂಟ್ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ಕತ್ತಿ ಹಿಡಿದು ಹೊರಟಳೆಂದರೆ ನನಗೆ ಅವಳ ದನಿ ಕೇಳಿಯೇ ಎಚ್ಚರವಾಗುತ್ತಿತ್ತು.

ಹೋದ ವರ್ಷ ಮೆಣಸು ಕುಯ್ಲಿನಲ್ಲಿ, ಮಂಜು ಕವಿದ ಒಂದು ಬೆಳಗ್ಗೆ (ಮೈದುನ ಅಲ್ಲ, ನಿಜವಾದ ಮಂಜು), ತೋಟದ ದಾರಿಯಲ್ಲಿ ಅವಳ ಎದುರಿಗೆ ಆನೆ ನಿಂತಿತ್ತು. ಓಡಿದಳು. ಅದು ಅಟ್ಟಿಸಿಕೊಂಡು ಬಂತು. ಕಾಲು ಜಾರಿ ಚರಂಡಿಗೆ ಬಿದ್ದಳು. ಅದು ಯಾಕೋ ತಿರುಗಿ ಹೋಯಿತು. ಭುಜದ ಮೂಳೆ ಬೇಗ ಕೂಡಿಕೊಂಡಿತು. ಧೈರ್ಯ ಕೂಡಿಕೊಳ್ಳಲಿಲ್ಲ.

ಅವತ್ತಿನಿಂದ ಅವಳು ಕಾಫಿ ಒಣಗಿಸುವ ಕಣ ದಾಟಿ ತೋಟಕ್ಕೆ ಕಾಲಿಟ್ಟಿರಲಿಲ್ಲ. ಆ ಪ್ರಾಣಿಯ ಹೆಸರನ್ನು ಅವಳ ಮುಂದೆ ಯಾರೂ ಎತ್ತುತ್ತಿರಲಿಲ್ಲ. ಎತ್ತಲೇಬೇಕಾದರೆ 'ಅದು' ಅನ್ನುತ್ತಿದ್ದೆವು. ಅದು ಬಂದಿತ್ತು, ಅದು ಹೋಯ್ತು. ಕಣದ ಅಂಚಿನಲ್ಲಿ ನಿಂತು ತನ್ನದೇ ಗಿಡಗಳನ್ನು ದೂರದಿಂದ ನೋಡುತ್ತಿದ್ದಳು.

ಹೆಂಡತಿಯ ಅವಸ್ಥೆ ನೋಡಲಾರದೆ ಮಂಜು ತೋಟ ಮಾರಿ ಹಾಸನಕ್ಕೆ ಹೋಗಿಬಿಡುವುದು ಅಂತ ತೀರ್ಮಾನಿಸಿದ. ಬೆಂಗಳೂರಿನ ಒಂದು ಪಾರ್ಟಿಗೆ ಹೋಮ್‌ಸ್ಟೇ ಕಟ್ಟಲು ಜಾಗ ಬೇಕಿತ್ತಂತೆ. ಸೋಮವಾರ ಬಂದು ನೋಡುತ್ತೇವೆ ಅಂದಿದ್ದರು. ಒಪ್ಪಿಗೆಯಾದರೆ ಅವತ್ತೇ ಅಡ್ವಾನ್ಸ್. ಸುಶೀಲ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ತೋಟಕ್ಕೇ ಹೋಗಲಾರದವಳು ತೋಟ ಬೇಕು ಅಂತ ಯಾವ ಬಾಯಲ್ಲಿ ಹೇಳುವುದು ಅಂತ ನನ್ನ ಹತ್ತಿರ ಒಂದೇ ಸಲ ಹೇಳಿ ಸುಮ್ಮನಾಗಿದ್ದಳು.

ನನ್ನ ಸ್ವಾರ್ಥವನ್ನೂ ಹೇಳಿಬಿಡಬೇಕು. ಬೇಲಿಯಾಚೆ ವಾರಗಿತ್ತಿ ಹೋಗಿ ಅಲ್ಲೊಂದು ಸ್ವಿಮ್ಮಿಂಗ್ ಪೂಲು, ಶನಿವಾರ ಶನಿವಾರ ಡಿಜೆ, ಅಪರಿಚಿತರ ಕೇಕೆ. ಹುಳಿ ಯಾರಿಗೆ ಕೊಡಲಿ ನಾನು?

ಟ್ರಿಪ್ ಇದ್ದದ್ದು ಆ ಸೋಮವಾರದ ಹಿಂದಿನ ಶನಿವಾರ. ಬಸ್ಸಿನೊಳಗೆ ಕೂತು ಒಮ್ಮೆ ಸರಿಯಾಗಿ ನೋಡಿದರೆ ಅವಳ ಹೆದರಿಕೆ ಇಳಿಯಬಹುದು ಅಂತ ನನ್ನ ಲೆಕ್ಕ. ಸುಶೀಲ ಬರುವುದಿಲ್ಲ ಅಂದಳು. ನಾವು ಹೋಗುತ್ತಿರುವುದು ಹುಲಿ ನೋಡಲು ಅಂದೆ. ಹಾಗಾದರೆ ಸರಿ ಅಂದಳು! ಹುಲಿ ಅಂದರೆ ಅವಳಿಗೆ ಏನೇನೂ ಹೆದರಿಕೆ ಇಲ್ಲ. ಯಾಕೆಂದರೆ ಹುಲಿ ಅವಳನ್ನು ಯಾವತ್ತೂ ಅಟ್ಟಿಸಿಕೊಂಡು ಬಂದಿಲ್ಲ.

ಬೆಳಗಿನ ಸಫಾರಿಯಲ್ಲಿ ಪ್ರಾಣಿಗಳು ಚೆನ್ನಾಗಿ ಕಾಣಿಸುತ್ತವೆ ಅಂತ ಟೆಂಪೋ ಟ್ರಾವೆಲರ್ ತಂದಿದ್ದ ಬಾಳ್ಳುಪೇಟೆಯ ರಫೀಕಣ್ಣ ಮೊದಲೇ ಹೇಳಿದ್ದ. ನಾವು ಸಂಜೆಯದನ್ನೇ ಆರಿಸಿಕೊಂಡೆವು. ಯಾಕೆ ಗೊತ್ತಾ? ಬೆಳಗಿನದಕ್ಕೆ ಹೋಗಬೇಕಾದರೆ ಕತ್ತಲಲ್ಲೇ ಮನೆ ಬಿಡಬೇಕು. ಕತ್ತಲಲ್ಲಿ ಮನೆ ಬಿಟ್ಟರೆ ಹೆತ್ತೂರು ರಸ್ತೆಯಲ್ಲಿ ಆನೆ ಇರುತ್ತದೆ. ಆನೆ ಇರುತ್ತದೆ ಅಂತ ಆನೆ ನೋಡುವ ಒಳ್ಳೆಯ ಟೈಮನ್ನೇ ತಪ್ಪಿಸಿಕೊಂಡವರು ಈ ಭೂಮಿಯ ಮೇಲೆ ನಾವೇ ಇರಬೇಕು. ರಫೀಕಣ್ಣ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕ. "ನಮ್ ಹಾಸನದ್ ಆನೆ ಸಾಕಾಗಿ ಮೈಸೂರ್ ಆನೆಗೆ ಹೊಂಟ್ರಾ ಅಕ್ಕ" ಅಂದ. ನಾನು ಸುಮ್ಮನಿರು ಅಂತ ಕಣ್ಣು ಬಿಟ್ಟೆ. ಹಿಂದೆ ಕೂತಿದ್ದ ಸುಶೀಲಾಗೆ ಅದು ಕೇಳಿಸದಿರಲಿ ಅಂತ ಜೋರಾಗಿ ಹಾಡು ಹಾಕಿಸಿದೆ.

ಶನಿವಾರಸಂತೆ, ಕುಶಾಲನಗರ, ಹುಣಸೂರು. ದಾರಿಯುದ್ದಕ್ಕೂ ಚಕ್ಕುಲಿ. ಮಧ್ಯಾಹ್ನ ಕಾಡಿನ ಗೇಟು ಸೇರಿ ಬುತ್ತಿ ಬಿಚ್ಚಿ ಉಂಡೆವು. ಆಮೇಲೆ ರಫೀಕಣ್ಣನ ಗಾಡಿಯಿಂದ ಇಳಿದು ಸಫಾರಿ ಬಸ್ಸು ಹತ್ತಿದೆವು. ಬಸ್ಸಿನ ತುಂಬ ನಾವೇ. ಮುಂದಿನ ಸೀಟಿನಲ್ಲಿ ಮಾತ್ರ ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದ ಒಬ್ಬ ಯುವಕ ಕೂತಿದ್ದ. (ಆ ಲೆನ್ಸನ್ನು ನಮ್ಮ ಸಂಘದವರು ಮೊದಲು ಫ್ಲಾಸ್ಕ್ ಅಂದುಕೊಂಡಿದ್ದರು.)

ಕಾಡು ನೋಡಬೇಕಿತ್ತು ನೀವು. ನಮ್ಮ ಕಡೆ ಎಲ್ಲಿ ನೋಡಿದರೂ ಹಸಿರು ಒತ್ತಿಕೊಂಡು ಬರುತ್ತದೆ, ನಾಲ್ಕು ಮಾರು ಆಚೆಗೆ ಏನಿದೆ ಅಂತ ತಿಳಿಯುವುದಿಲ್ಲ. ಇಲ್ಲಿ ಬೇಸಿಗೆಗೆ ತೇಗದ ಎಲೆಯೆಲ್ಲ ಉದುರಿ ಕಾಡು ಬಿಡಿಬಿಡಿಯಾಗಿ, ಬಹುದೂರದವರೆಗೂ ಕಾಣಿಸುತ್ತಿತ್ತು. ಬೂದುಬಣ್ಣದ ಮರಗಳ ನಡುವೆ ಎಲ್ಲೋ ಒಂದು ಮುತ್ತುಗ ಕೆಂಪಗೆ ಹೂ ಬಿಟ್ಟು ನಿಂತಿತ್ತು. ಬಿದಿರಿನ ಮೆಳೆ, ಅದರ ಕೆಳಗೆ ಬಿಸಿಲು, ಆ ಬಿಸಿಲಿನಲ್ಲಿ ನೂರಾರು ಜಿಂಕೆ. ಒಂದಕ್ಕೂ ನಮ್ಮ ಮೇಲೆ ಗಮನವಿಲ್ಲ. ಬದುಕುವುದಾದರೆ ಹೀಗೆ ಬದುಕಬೇಕು ಅನ್ನಿಸಿತು.

ನಮ್ಮವರು ಮಾತ್ರ ಸುಲಭಕ್ಕೆ ಮೆಚ್ಚುವವರಲ್ಲ. ಕಾಟಿ (ಅದೇ, ಕಾಡುಕೋಣ) ಕಂಡರೆ ನಮ್ಮ ತೋಟದ್ದು ಇದಕ್ಕಿಂತ ದಪ್ಪ ಅಂದರು. ಕಾಡುಕೋಳಿಗೆ ನಮ್ಮನೆ ಹಿಂದೆಯೇ ಇದೆ ಅಂದರು. ನವಿಲಿಗಂತೂ ಬೈದೇಬಿಟ್ಟರು, ಅದು ತಿಂದ ಬೀನ್ಸಿನ ಲೆಕ್ಕ ಅವರಲ್ಲಿತ್ತು. ಹುಲಿ ಬರಲೇ ಇಲ್ಲ. ಸುಶೀಲ ಮಾತ್ರ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದಳು. ಇಷ್ಟು ದಿನದ ಮೇಲೆ ಅವಳು ಮರಗಳ ಮಧ್ಯೆ ಇದ್ದಳು, ಬಸ್ಸಿನೊಳಗಾದರೂ.

ಆಗಲೇ ಡ್ರೈವರ್ ಇಂಜಿನ್ ಆಫ್ ಮಾಡಿದ್ದು. ಆನೆ ಅಂದದ್ದು.

ಆಮೇಲಿನದನ್ನು ನೀವು ಆಗಲೇ ಓದಿದ್ದೀರಿ. ಗಾಜುಗಳು ಒಂದೇ ಏಟಿಗೆ ದಡದಡ ಅಂತ ಮುಚ್ಚಿಕೊಂಡವು. ಮೊಬೈಲುಗಳು ಆರಿದವು. ಕೆಮ್ಮು ಬರುತ್ತಿದ್ದವರ ಬಾಯಿಗೆ ಪಕ್ಕದವರು ಸೆರಗು ತುರುಕಿದರು. ಸುಡುಬಿಸಿಲಿನಲ್ಲಿ ಯಾರೋ ಲೈಟ್ ಆರಿಸಿ ಅಂತ ಪಿಸುಗುಟ್ಟಿದರು. ನಾನಾದರೂ ಬುದ್ಧಿವಂತೆ ಅಂತ ತಿಳಿದಿರಾ? ನನ್ನ ತಲೆ ಎಲ್ಲರಿಗಿಂತ ಕೆಳಗಿತ್ತು. ಕ್ಯಾಮೆರಾದ ಯುವಕ ಅಳುವುದೊಂದು ಬಾಕಿ. ಆಂಟಿ, ಗ್ಲಾಸ್ ಓಪನ್ ಮಾಡಿ ಆಂಟಿ, ಅಂತ ಸೀಟಿನಿಂದ ಸೀಟಿಗೆ ಬೇಡುತ್ತಿದ್ದ.

ಸುಶೀಲ ನನ್ನ ಕೈ ಹಿಡಿದಿದ್ದಳು. ಬಳೆ ಒಡೆಯುವಷ್ಟು ಗಟ್ಟಿಯಾಗಿ. ಇವಳನ್ನು ಯಾಕಾದರೂ ಕರೆತಂದೆನೋ, ಇದ್ದಬದ್ದ ಧೈರ್ಯವನ್ನೂ ಕಳೆದೆನಲ್ಲ ಅಂತ ನನಗೆ ನಿಜವಾಗಿ ಭಯವಾಯಿತು.

ಬಸ್ಸೊಳಗೆ ಉಸಿರಿಲ್ಲ. ಹೊರಗಿನಿಂದ ಒಂದು ಸದ್ದು ಮಾತ್ರ ಬರುತ್ತಿತ್ತು. ಪಟ್, ಪಟ್. ಸ್ವಲ್ಪ ಬಿಟ್ಟು ಮತ್ತೆ ಪಟ್, ಪಟ್.

ಅದೇನು ಸದ್ದು ಅಂತ ಸುಶೀಲ ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. ಮತ್ತೆ ಪಟ್, ಪಟ್. ನನ್ನ ಕೈ ಮೇಲಿನ ಹಿಡಿತ ಸ್ವಲ್ಪ ಸಡಿಲವಾಯಿತು. ನಾನು ಓರೆಗಣ್ಣಿನಲ್ಲಿ ನೋಡಿದೆ. ಅವಳು ನಿಧಾನವಾಗಿ ತಲೆ ಎತ್ತುತ್ತಿದ್ದಳು. ಆಮೇಲೆ ತಾನೇ ಮುಚ್ಚಿದ್ದ ಗಾಜನ್ನು ತಾನೇ, ಅಂಗೈಯಗಲ, ಸರಿಸಿದಳು.

ಎಷ್ಟು ಹೊತ್ತು ಹಾಗೆ ನೋಡಿದಳೋ.

"ಅಕ್ಕ, ಮಣ್ಣು ಕೊಡವ್ತಾ ಐತೆ ನೋಡು."

ಎದ್ದು ನೋಡಿದೆ. ಕೆರೆಯ ಅಂಚಿನ ಹಸಿರಿನಲ್ಲಿ ಒಂದು ಹೆಣ್ಣಾನೆ ನಿಂತಿತ್ತು. ಸೊಂಡಿಲಿನಿಂದ ಹುಲ್ಲಿನ ಕಂತೆ ಕೀಳುತ್ತಿತ್ತು. ಬೇರಿನ ತುಂಬ ಕೆಸರು. ಅದನ್ನು ಹಾಗೇ ಬಾಯಿಗಿಡುತ್ತಿರಲಿಲ್ಲ. ಮುಂಗಾಲಿಗೆ ಪಟ್, ಪಟ್ ಅಂತ ಬಡಿದು, ಮಣ್ಣೆಲ್ಲ ಉದುರಿದ ಮೇಲೆ ನೆಮ್ಮದಿಯಾಗಿ ತಿನ್ನುತ್ತಿತ್ತು. ಪಕ್ಕದಲ್ಲಿ ಒಂದು ಮರಿ. ಅಮ್ಮನನ್ನು ನೋಡಿ ತಾನೂ ಎರಡೆಳೆ ಹುಲ್ಲು ಕಿತ್ತು ಬಡಿಯಲು ಹೋಗಿ, ಬೀಳಿಸಿಕೊಂಡು, ಮತ್ತೆ ಹುಡುಕುತ್ತಿತ್ತು.

"ನಾವು ದಂಟಿನ ಸೊಪ್ಪು ಕೊಡವಲ್ವಾ, ಹಂಗೆ ಕಣಕ್ಕ" ಅಂದಳು ಸುಶೀಲ. ಗಾಜನ್ನು ಪೂರ್ತಿ ಸರಿಸಿಬಿಟ್ಟಳು. "ನಂಗೆ ಅವತ್ತು ಒಂದು ಕಿವಿ ಕಂಡಿತ್ತು ಅಷ್ಟೇ. ಆನೆನ ನಾನು ನೋಡೇ ಇರ್ಲಿಲ್ಲ."

ಆನೆ ಅಂದಳು! ಅದು ಅನ್ನಲಿಲ್ಲ, ಆನೆ ಅಂದಳು. ನನಗೆ ಅಳು ಬಂದುಬಿಟ್ಟಿತು. ಆನೆ ನೋಡಿ ಅತ್ತ ಆಂಟಿಯ ಫೋಟೋ ಆ ಯುವಕನ ಕ್ಯಾಮೆರಾದಲ್ಲಿ ಖಂಡಿತ ಇದೆ.

ಒಂದೊಂದಾಗಿ ಗಾಜುಗಳು ತೆರೆದವು, ತಲೆಗಳು ಎದ್ದವು. ನವಿಲಿಗೂ ಬೈದಿದ್ದ ನಮ್ಮವರು ಬಾಯಿಗೆ ಸೆರಗು ಹಿಡಿದು, ಆ ತಾಯಿ ಸೊಪ್ಪು ಕೊಡವುವುದನ್ನು ನೋಡುತ್ತಾ ಕೂತರು. ಮರಿಯ ಕೈಗೆ (ಸೊಂಡಿಲಿಗೆ ಅನ್ನಿ) ಕಡೆಗೂ ಹುಲ್ಲು ದಕ್ಕಿದಾಗ ಸುಶೀಲ ಜೋರಾಗಿ ನಕ್ಕಳು. ಡ್ರೈವರ್ ಶ್ ಅಂದ. ಅವನಿಗೇನು ಗೊತ್ತು, ಆ ನಗುವಿಗೆ ನಾವು ಎಷ್ಟು ಕಾಲ ಕಾದಿದ್ದೆವು ಅಂತ?

ಒಂದು ಸಫಾರಿಯಿಂದ ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ನಾಳೆ ತೋಟದಲ್ಲಿ ಆನೆ ಎದುರಾದರೆ ಮತ್ತೆ ಓಡಲೇಬೇಕು. ಕಾಡಿನಲ್ಲಿ ಸೊಪ್ಪು ಕೊಡವಿ ತಿನ್ನುವ ತಾಯಿಯೇ ನಮ್ಮೂರಿನಲ್ಲಿ ಜನ ಕೂಗಿ, ಪಟಾಕಿ ಹೊಡೆದು, ದಿಕ್ಕು ತಪ್ಪಿಸಿದಾಗ ಬೇರೆಯೇ ಆಗುತ್ತಾಳೆ. ನಾವೂ ಹಾಗೇ ತಾನೇ? ಆದರೆ ಒಂದಂತೂ ನಿಜ. ಇಷ್ಟು ದಿನ ಸುಶೀಲಾಳನ್ನು ಕಣದಲ್ಲಿ ಕಟ್ಟಿಹಾಕಿದ್ದು ಬರೀ ಮಂಜಿನಲ್ಲಿ ಕಂಡ ಒಂದು ಕಿವಿ. ಕಾಣದ್ದನ್ನು ಮನಸ್ಸು ಎಷ್ಟು ದೊಡ್ಡದಾಗಿ ಬೇಕಾದರೂ ಬೆಳೆಸಿಕೊಳ್ಳುತ್ತದೆ. ಪೂರ್ತಿ ನೋಡಿದ ಮೇಲೆ ಆನೆ ಆನೆಯಷ್ಟೇ ಆಯಿತು. ಅದೇನು ಚಿಕ್ಕದಲ್ಲ, ಬಿಡಿ. ಆದರೂ ಅದಕ್ಕೊಂದು ಅಳತೆ ಸಿಕ್ಕಿತು.

ಕುಶಾಲನಗರದ ಒಂದು ಛತ್ರದಲ್ಲಿ ತಂಗಿ ಭಾನುವಾರ ಮಧ್ಯಾಹ್ನ ಊರು ಸೇರಿದೆವು. ದಾರಿಯಲ್ಲಿ ಸುಶೀಲ ತೋಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ. (ಕೇಳದೆ ಇರುವುದು ನನಗೆಷ್ಟು ಕಷ್ಟ ಅಂತ ನಿಮಗೆ ಗೊತ್ತು.)

ಸೋಮವಾರ ಪಾರ್ಟಿ ಬಂತು. ದೊಡ್ಡ ಕಾರು. ಟೋಪಿ ಹಾಕಿದ ಯಜಮಾನರು, ಅವರ ಮನೆಯವರು. ನಾನು ಹುಳಿಯ ಪಾತ್ರೆ ಹಿಡಿದು ಬೇಲಿ ದಾಟಿ ಆಚೆ ಹೋಗಿದ್ದೆ. ಹುಳಿ ಒಂದು ನೆಪ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂವಾಗಿತ್ತು. ಆ ಪರಿಮಳಕ್ಕೆ ಎಂಥವರಿಗೂ ಚೆಕ್‌ಬುಕ್ ತೆಗೆಯುವ ಮನಸ್ಸಾಗುತ್ತದೆ.

ತೋಟ ತೋರಿಸಲು ಮಂಜು ಚಪ್ಪಲಿ ಮೆಟ್ಟುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ಸುಶೀಲ ಬಂದಳು. ಕಾಲಿಗೆ ಗಂಬೂಟ್, ತಲೆಗೆ ಟವೆಲ್, ಕೈಯಲ್ಲಿ ಕತ್ತಿ. ಮೊಬೈಲ್ ತೆಗೆದು ಗ್ರೂಪ್ ನೋಡಿದಳು. ಆನೆಗಳ ಗುಂಪು ಬೆಳಗಾಗುವಾಗಲೇ ಹೊಳೆ ದಾಟಿ ಆಚೆ ಗುಡ್ಡಕ್ಕೆ ಹೋಗಿತ್ತು. ಬನ್ನಿ, ನಾನು ತೋರಿಸುತ್ತೇನೆ ಅಂತ ಮುಂದೆ ನಡೆದಳು. ಮಂಜು ಒಂದೇ ಚಪ್ಪಲಿಯಲ್ಲಿ ನಿಂತುಬಿಟ್ಟ.

ಕಣದ ಅಂಚಿಗೆ ಬಂದಾಗ ಒಂದು ಕ್ಷಣ ತಡೆದಳು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವಳು ಆಗಲೇ ಗಿಡಗಳ ಮಧ್ಯೆ ಇದ್ದಳು. ನಾವೆಲ್ಲ ಅವಳ ಹಿಂದೆಯೇ ಹೋದೆವು. ಅಡ್ಡ ಬಂದ ಚಿಗುರನ್ನು ಕತ್ತಿಯಿಂದ ಸವರಿಕೊಂಡು, ಜೋತುಬಿದ್ದ ಮೆಣಸಿನ ಬಳ್ಳಿ ನೋಡಿ ಮಂಜುವಿಗೆ ಬೈದುಕೊಂಡು ನಡೆಯುತ್ತಿದ್ದಳು. ಆ ಬೈಗುಳ ಕೇಳಿ ನನಗಾದ ಸಂತೋಷ ಯಾವ ಸಂಗೀತ ಕಚೇರಿಯಲ್ಲೂ ಆಗಿಲ್ಲ. ಚರಂಡಿಯ ಹತ್ತಿರ ನಿಂತು, ಬಿದ್ದ ಜಾಗವನ್ನು ಒಮ್ಮೆ ಬಗ್ಗಿ ನೋಡಿ, ದಾಟಿಬಿಟ್ಟಳು.

ಟೋಪಿ ಯಜಮಾನರಿಗೆ ಜಾಗ ತುಂಬ ಹಿಡಿಸಿತ್ತು. ಇಲ್ಲೊಂದು ಡೆಕ್ ಕಟ್ಟಿ, ಚೇರ್ ಹಾಕಿದರೆ, ಗೆಸ್ಟ್‌ಗಳು ಕಾಫಿ ಕುಡಿಯುತ್ತಾ ಆನೆ ನೋಡಬಹುದು ಅಲ್ಲವಾ ಅಂದರು. ಹಾಗೆ ಅನ್ನುತ್ತಲೇ ದಾರಿಯ ಮೇಲಿದ್ದ ಲದ್ದಿಯನ್ನು ತುಳಿಯುವುದರಲ್ಲಿದ್ದರು. ಇದೇನು, ಹಳೆಯದಾ ಅಂತ ಕೇಳಿದರು. ಅಲ್ಲ, ಇವತ್ತಿನದೇ ಅಂದಳು ಸುಶೀಲ. ಅವರ ಮನೆಯವರು ಆಗಲೇ ಎರಡು ಹೆಜ್ಜೆ ಹಿಂದಿದ್ದರು.

"ಆನೆ ನೋಡ್ಬೇಕಂದ್ರೆ ನಾಗರಹೊಳೆಗೆ ಹೋಗಿ ಸಾರ್, ಚೆನ್ನಾಗ್ ತೋರಿಸ್ತಾರೆ. ಇದು ನಾವ್ ಗೇಯೋ ತೋಟ. ಕೊಡಲ್ಲ."

ಮಂಜು ಮರಕ್ಕೆ ಒರಗಿಸಿದ್ದ ಏಣಿ ಎತ್ತಿಕೊಂಡು, ಜೋತುಬಿದ್ದ ಬಳ್ಳಿಯ ಕಡೆ ಹೋದ. ಅವನ ಮುಖ ನೋಡಬೇಕಿತ್ತು ನೀವು.

ಅಷ್ಟರಲ್ಲಿ ಮೇಲೆಲ್ಲೋ ಲಟಕ್ಕನೆ ಒಂದು ಕೊಂಬೆ ಮುರಿದ ಸದ್ದು. ಸುಶೀಲ ತಲೆಯೆತ್ತಿ ನೋಡಿ ಕೋತಿ ಅಂದಳು. ಆ ಮಾತು ಮುಗಿಯುವ ಹೊತ್ತಿಗೆ ಪಾರ್ಟಿ ಕಾರಿನೊಳಗಿತ್ತು, ನಾಲ್ಕೂ ಗಾಜು ಸರಸರ ಮೇಲಕ್ಕೇರುತ್ತಿದ್ದವು.

ನಾನು ಹುಳಿಯ ಪಾತ್ರೆ ಹಿಡಿದುಕೊಂಡೇ ನೋಡಿದೆ: ಈ ಸಲ ಕಿಟಕಿ ಮುಚ್ಚಿಕೊಂಡವರು ನಾವಲ್ಲ.